ಬೆಟ್ಟದ ಮೇಲಿಂದ ಊರು ಕಾಣುತ್ತದೆ, ಆದರೆ ಇಳಿಯಬೇಕಲ್ಲ

ಮಧುಗಿರಿ ಬೆಟ್ಟವನ್ನು ಅರ್ಧ ಹತ್ತಿ ಹಿಂತಿರುಗಿ ನೋಡಿದರೆ ಊರು ಪೂರ್ತಿ ಕಾಲಡಿಯಲ್ಲೇ ಇರುತ್ತದೆ. ಮನೆಗಳು, ರಸ್ತೆ, ಓಡಾಡುವ ಬಸ್ಸು ಎಲ್ಲಾ ಕಣ್ಣಳತೆಯಲ್ಲೇ. ಹಾಗಾಗಿ ಇದು ಊರಾಚೆಯ ಜಾಗ ಅಂತ ಯಾರಿಗೂ ಅನಿಸುವುದಿಲ್ಲ. ಆದರೆ ಅದೇ ಬಂಡೆಯ ಮೇಲೆ ಒಬ್ಬರ ಕಾಲು ಮುರಿಯಲಿ, ಲೆಕ್ಕವೇ ಬೇರೆ. ಒಬ್ಬೊಬ್ಬರೇ ಕಂಬಿ ಹಿಡಿದು ದಾಟುವ ಇಳಿಜಾರಿನಲ್ಲಿ ನಾಲ್ಕು ಜನ ಸ್ಟ್ರೆಚರ್ ಹೊತ್ತು ಇಳಿಯಲು ಆಗುವುದಿಲ್ಲ. ಗಂಟೆಯ ದಾರಿ ಅರ್ಧ ದಿನ ತಿನ್ನುತ್ತದೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಬೆಟ್ಟಗಳ ಗುಣವೇ ಇದು. ಮಲೆನಾಡಿನ ದಟ್ಟ ಕಾಡಲ್ಲ, ಬರೀ ಕಲ್ಲು ಮತ್ತು ಕುರುಚಲು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ವಾಪಸ್. ಹತ್ತಿರ ಇದೆ ಅಂತಲೇ ಯಾರೂ ತಯಾರಿ ಮಾಡಿಕೊಳ್ಳುವುದಿಲ್ಲ. ನನ್ನನ್ನು ಕೇಳಿದರೆ ಇಲ್ಲಿ ಕಿಲೋಮೀಟರ್ ನೋಡಲೇಬಾರದು. ಪೆಟ್ಟಾದ ಜಾಗದಿಂದ ಗಾಡಿ ಬರುವ ಜಾಗಕ್ಕೆ ಎಷ್ಟು ಹೊತ್ತು? ಅಲ್ಲಿಂದ ಆ ತೊಂದರೆಗೆ ಬೇಕಾದ ಔಷಧಿ ಇರುವ ಆಸ್ಪತ್ರೆಗೆ ಎಷ್ಟು ಹೊತ್ತು? ಈ ಎರಡು ಪ್ರಶ್ನೆಗೆ ಮನೆ ಬಿಡುವ ಮೊದಲೇ ಉತ್ತರ ಇದ್ದರೆ ಅರ್ಧ ತಯಾರಿ ಮುಗಿದ ಹಾಗೆ.

ಹೆಲಿಕಾಪ್ಟರ್ ಬರುತ್ತದಲ್ಲ ಎನ್ನುವವರೂ ಇದ್ದಾರೆ. ಬಂದಿದ್ದು ನಿಜ. 2022ರ ಫೆಬ್ರವರಿಯಲ್ಲಿ ನಂದಿ ಬೆಟ್ಟದ ಹತ್ತಿರ ಚಾರಣಕ್ಕೆ ಹೋಗಿದ್ದ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಜಾರಿ ಬಂಡೆಯ ಮೇಲೆ ಸಿಕ್ಕಿಕೊಂಡಿದ್ದ. ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಅವನನ್ನು ಮೇಲೆತ್ತಿತು. ಯಲಹಂಕ ವಾಯುನೆಲೆ ಅಲ್ಲಿಂದ ಹತ್ತಿರವೇ. ಅಷ್ಟಿದ್ದೂ ಆ ಹುಡುಗ ಗಂಟೆಗಟ್ಟಲೆ ಕಾಯಬೇಕಾಯಿತು. ಹೆಲಿಕಾಪ್ಟರನ್ನು ನಂಬಿಕೊಂಡು ಯಾರೂ ಪ್ಲಾನ್ ಮಾಡುವ ಹಾಗಿಲ್ಲ.

ಬೆಟ್ಟಕ್ಕೆ ಹೋಗುವವರು ಚಾರಣದ ಹುಡುಗರು ಮಾತ್ರ ಅಲ್ಲ. ಕುರಿ ಮೇಯಿಸುವವರು, ಸೀತಾಫಲ ಕೀಳುವವರು, ಜೇನು ತೆಗೆಯುವವರು, ಹರಕೆ ಹೊತ್ತು ಮೆಟ್ಟಿಲು ಹತ್ತುವ ಅಜ್ಜಿಯರೂ ಇದ್ದಾರೆ. ಶಿಕಾರಿ ವಿಷಯ ಒಂದೇ ಮಾತಲ್ಲಿ ಮುಗಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಅಪರಾಧ. ಆದರೂ ಕಾಡುಹಂದಿಗೆ ಅಂತ ಅಲ್ಲಲ್ಲಿ ಉರುಳು ಕಟ್ಟುವವರು, ಸಿಡಿಮದ್ದು ಇಡುವವರು ಇದ್ದಾರೆ. ಹೊಲದಂಚಿನ ಪೊದೆಯಲ್ಲಿ ಉಂಡೆಯಂಥ ವಸ್ತು ಬಿದ್ದಿದ್ದರೆ ಮುಟ್ಟಬೇಡಿ, ಕಾಲಲ್ಲಿ ಒದೆಯಬೇಡಿ, ಮಕ್ಕಳನ್ನೂ ನಾಯಿಯನ್ನೂ ದೂರ ಇಡಿ. ಪೊಲೀಸರಿಗೋ ಅರಣ್ಯ ಇಲಾಖೆಗೋ ಫೋನ್ ಮಾಡಿ.

ಈಗ ಮುಖ್ಯ ವಿಷಯ. ಬೆಟ್ಟದಲ್ಲಿ ಆಗುವ ಅನಾಹುತಗಳನ್ನು ನಾನು ಎರಡೇ ಗುಂಪು ಮಾಡುತ್ತೇನೆ. ಕೆಲವಕ್ಕೆ ಚಿಕಿತ್ಸೆ ಅಲ್ಲೇ, ಆ ಕ್ಷಣವೇ ಆಗಬೇಕು. ಕೆಳಗೆ ತರುವ ಹೊತ್ತಿಗೆ ತಡವಾಗಿರುತ್ತದೆ. ಜೋರು ರಕ್ತಸ್ರಾವ, ಬಿಸಿಲ ಹೊಡೆತ, ಜೇನು ಕಡಿದು ಬರುವ ಅಲರ್ಜಿ, ಸಿಡಿಲು, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿಯುವುದು ಇವೆಲ್ಲ ಈ ಗುಂಪು. ಇನ್ನು ಕೆಲವಕ್ಕೆ ಬೆಟ್ಟದ ಮೇಲೆ ಮಾಡುವುದು ಏನೂ ಇಲ್ಲದಷ್ಟು ಕಡಿಮೆ. ಹಾವು ಕಡಿತ, ಹೃದಯಾಘಾತ, ತಲೆಗೆ ಪೆಟ್ಟು ಈ ಗುಂಪಿನವು. ಇವಕ್ಕೆ ಹೊತ್ತು ಕಳೆಯದೆ ಆಸ್ಪತ್ರೆ ಮುಟ್ಟಿಸುವುದೇ ಔಷಧಿ. ಜನ ಎಡವುವುದು ಇಲ್ಲೇ. ಬಿಸಿಲಿಗೆ ಬಿದ್ದವರನ್ನು ಹಾಗೇ ಕಾರಿಗೆ ಹಾಕಿಕೊಂಡು ಓಡುತ್ತಾರೆ, ಹಾವು ಕಡಿದವರನ್ನು ಕೂರಿಸಿಕೊಂಡು ಕಾಲಿಗೆ ದಾರ ಕಟ್ಟುತ್ತಾ ಕೂರುತ್ತಾರೆ. ಎರಡೂ ಉಲ್ಟಾ.

ಹಾವಿನಿಂದಲೇ ಶುರು ಮಾಡೋಣ. ನಮ್ಮ ಕಡೆ ಜೀವಕ್ಕೆ ಅಪಾಯ ತರುವವು ಮುಖ್ಯವಾಗಿ ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕೊನೆಯದು ಚಿಕ್ಕದು, ಒಣ ಕಲ್ಲುಗಾಡಿನಲ್ಲಿ ಕಲ್ಲಿನ ಬಣ್ಣಕ್ಕೇ ಹೊಂದಿಕೊಂಡು ಮಲಗಿರುತ್ತದೆ. ಮಂಡಲದ ಹಾವುಗಳು ಕಡಿದರೆ ಸಾಮಾನ್ಯವಾಗಿ ನೋವು, ಊತ, ಆಮೇಲೆ ವಸಡಿನಲ್ಲೋ ಮೂತ್ರದಲ್ಲೋ ರಕ್ತ. ಕಟ್ಟುಹಾವಿನದು ಕಳ್ಳ ಕೆಲಸ. ರಾತ್ರಿ, ನೆಲದ ಮೇಲೆ ಮಲಗಿದವರಿಗೆ ಕಡಿಯುತ್ತದೆ. ಎಷ್ಟೋ ಸಲ ನೋವೂ ಇಲ್ಲ, ಗುರುತೂ ಇಲ್ಲ. ಬೆಳಗಿನ ಜಾವ ಹೊಟ್ಟೆ ನೋವು ಅಂತ ಏಳುತ್ತಾರೆ, ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ, ಉಗುಳು ನುಂಗಲು ಆಗುವುದಿಲ್ಲ, ಮಾತು ತೊದಲುತ್ತದೆ. ಬೆಟ್ಟದಲ್ಲೋ ತೋಟದಲ್ಲೋ ರಾತ್ರಿ ನೆಲದ ಮೇಲೆ ಮಲಗಿದ್ದವರಿಗೆ ಬೆಳಿಗ್ಗೆ ರೆಪ್ಪೆ ಎತ್ತಲು ಆಗುತ್ತಿಲ್ಲ ಎಂದರೆ, ಹಾವು ಕಂಡಿರಲಿ ಬಿಡಲಿ, ಹಾವು ಕಡಿದಿದೆ ಅಂದುಕೊಂಡೇ ಹೊರಡಿ. ರಾತ್ರಿ ಹೊರಗೆ ಮಲಗಲೇಬೇಕಾದರೆ ಜಿಪ್ ಇರುವ ಟೆಂಟ್ ಅಥವಾ ಚಾಪೆಯ ಕೆಳಗೆ ಸುತ್ತಲೂ ಸಿಕ್ಕಿಸಿದ ಸೊಳ್ಳೆ ಪರದೆ ಸಾಕು. ಬಹಳ ಅಗ್ಗದ ರಕ್ಷಣೆ ಅದು.

ಕಡಿದ ಮೇಲೆ ಮಾಡಬೇಕಾದ್ದು ಸ್ವಲ್ಪ, ಮಾಡಬಾರದ್ದೇ ಜಾಸ್ತಿ. ಬಿಗಿಯಾಗಿ ಕಟ್ಟಬೇಡಿ. ಕಟ್ಟಿದರೆ ರಕ್ತ ನಿಂತು ಕಾಲೇ ಹಾಳಾಗುತ್ತದೆ. ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಐಸ್ ಇಡಬೇಡಿ. ಉಂಗುರ, ಕಾಲುಂಗುರ, ಗೆಜ್ಜೆ, ವಾಚು, ಶೂ ಬಿಚ್ಚಿ. ಊತ ಬಂದ ಮೇಲೆ ಬಿಚ್ಚಲು ಆಗುವುದಿಲ್ಲ. ಮುರಿದ ಕಾಲಿಗೆ ಕಟ್ಟುವ ಹಾಗೆ ಒಂದು ಕೋಲು ಕೊಟ್ಟು ಸಡಿಲವಾಗಿ ಬಟ್ಟೆ ಸುತ್ತಿ, ಕಾಲು ಅಲ್ಲಾಡದಿರಲಿ. ಆದಷ್ಟೂ ನಡೆಸದೆ, ಹೊತ್ತುಕೊಂಡೇ ತನ್ನಿ. ಆಂಬುಲೆನ್ಸ್ ತಡವಾದರೆ ಹಳ್ಳಿಯಲ್ಲಿ ಸಿಗುವುದು ಬೈಕು. ಕಡಿಸಿಕೊಂಡವರನ್ನು ಮಧ್ಯೆ ಕೂರಿಸಿ, ಹಿಂದೆ ಇನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡು ಹೋಗಬಹುದು. ಒಬ್ಬರೇ ಇದ್ದು, ಫೋನ್ ಹೋಗುತ್ತಿಲ್ಲ ಎಂದರೆ ನಿಧಾನಕ್ಕೆ ನಡೆದು ಇಳಿಯುವುದೇ ಮೇಲು. ಅಲ್ಲೇ ಕೂತರೆ ಯಾರೂ ಬರುವುದಿಲ್ಲ.

ಹಾವನ್ನು ಹೊಡೆದು ಚೀಲದಲ್ಲಿ ತರುವ ಅಗತ್ಯ ಖಂಡಿತ ಇಲ್ಲ. ಈ ನಾಲ್ಕಕ್ಕೂ ನಮ್ಮಲ್ಲಿ ಕೊಡುವ ಪ್ರತಿವಿಷ ಒಂದೇ. ದೂರದಿಂದ ಫೋಟೋ ಸಿಕ್ಕರೆ ಸರಿ, ಇಲ್ಲದಿದ್ದರೂ ಸರಿ. ಡಾಕ್ಟರಿಗೆ ಬೇರೆ ದಾರಿ ಇದೆ. ಸ್ವಲ್ಪ ರಕ್ತ ತೆಗೆದು ಒಣಗಿದ ಗಾಜಿನ ನಳಿಗೆಯಲ್ಲಿ ಹಾಕಿ, ಅಲ್ಲಾಡಿಸದೆ ಸರಿಯಾಗಿ 20 ನಿಮಿಷ ಇಡುತ್ತಾರೆ. ಆಮೇಲೆ ನಳಿಗೆಯನ್ನು ಓರೆ ಮಾಡುತ್ತಾರೆ. ಒಳ್ಳೆಯ ರಕ್ತವಾದರೆ ಹೆಪ್ಪುಗಟ್ಟಿ ಅಲ್ಲೇ ನಿಂತಿರುತ್ತದೆ. ನೀರಿನ ಹಾಗೆ ಹರಿದರೆ ಮಂಡಲದ ವಿಷ ಒಳಗೆ ಕೆಲಸ ಮಾಡುತ್ತಿದೆ ಅಂತ ಅರ್ಥ. ದೊಡ್ಡ ಲ್ಯಾಬ್ ಬೇಡ, ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದು. ಪ್ರತಿವಿಷವನ್ನು ಬ್ಯಾಗಿನಲ್ಲಿ ಒಯ್ಯಬಹುದಾ ಅಂತ ಕೆಲವರು ಕೇಳುತ್ತಾರೆ. ಬೇಡ. ಅದನ್ನು ರಕ್ತನಾಳಕ್ಕೇ ಕೊಡಬೇಕು, ಅದರಿಂದಲೇ ಭಾರೀ ಅಲರ್ಜಿ ಆಗಬಹುದು, ಅದನ್ನು ನಿಭಾಯಿಸಲು ಆಸ್ಪತ್ರೆಯೇ ಬೇಕು. ಮಕ್ಕಳಿಗೂ ದೊಡ್ಡವರಷ್ಟೇ ಪ್ರಮಾಣ ಕೊಡುತ್ತಾರೆ, ಏಕೆಂದರೆ ಹಾವು ಮಗು ಅಂತ ಕಡಿಮೆ ವಿಷ ಬಿಡುವುದಿಲ್ಲ.

ಕೊರಟಗೆರೆಯ ಸಿದ್ಧರ ಬೆಟ್ಟ ಗಿಡಮೂಲಿಕೆಗೆ ಹೆಸರುವಾಸಿ. ಆ ಬೆಟ್ಟದ ಬಗ್ಗೆ ನನಗೂ ಗೌರವ ಇದೆ. ಆದರೆ ಹಾವಿನ ವಿಷಕ್ಕೆ ಸೊಪ್ಪಿನ ರಸ ಇಲ್ಲ. ನಾಟಿ ಔಷಧಿಯಿಂದ ಬದುಕಿದೆ ಎನ್ನುವವರಲ್ಲಿ ಹೆಚ್ಚಿನವರಿಗೆ ಕಡಿದಿದ್ದು ವಿಷವಿಲ್ಲದ ಹಾವು, ಇಲ್ಲವೇ ವಿಷ ಬಿಡದ ಕಡಿತ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಹೊರಡುವ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಂದು ಫೋನ್ ಮಾಡಿ ‘ಹಾವಿನ ಇಂಜೆಕ್ಷನ್ ಇದೆಯಾ, ರಾತ್ರಿ ಡಾಕ್ಟರ್ ಇರುತ್ತಾರಾ’ ಅಂತ ಕೇಳಿಕೊಳ್ಳಿ. ಎರಡು ನಿಮಿಷದ ಕೆಲಸ.

ಜೇನಿನ ಕಥೆ ಇದಕ್ಕೆ ತದ್ವಿರುದ್ಧ. ಇಲ್ಲಿ ಮೊದಲ ಕೆಲವೇ ನಿಮಿಷ ಎಲ್ಲವನ್ನೂ ತೀರ್ಮಾನ ಮಾಡುತ್ತದೆ. ಹೆಜ್ಜೇನು ಗೂಡು ಕಟ್ಟುವುದೇ ಕಡಿದಾದ ಬಂಡೆಯ ಚಾಚಿನ ಕೆಳಗೆ, ಹಳೆ ಕೋಟೆ ಗೋಡೆಯ ಕಮಾನಿನಲ್ಲಿ. ಅಂದರೆ ನಾವು ಫೋಟೋಗೆ ನಿಲ್ಲುವ ಜಾಗದಲ್ಲೇ. ಹೊಗೆ, ಕಲ್ಲು, ಡ್ರೋನ್ ಸದ್ದು, ಗಾಢ ಸೆಂಟು ಅವನ್ನು ಕೆರಳಿಸುತ್ತವೆ. ಎದ್ದರೆ ಸುಮ್ನೆ ಓಡಿ ಅಂತ ಎಲ್ಲರೂ ಹೇಳುತ್ತಾರೆ. ಬಯಲಿನಲ್ಲಿ ಸರಿ. ಸ್ಕಂದಗಿರಿಯ ಬಂಡೆಯ ಮೇಲೆ ಕಣ್ಣು ಮುಚ್ಚಿ ಓಡಿದರೆ ಜೇನಿಗಿಂತ ಮೊದಲು ಬಂಡೆಯೇ ಕೊಲ್ಲುತ್ತದೆ. ಟವೆಲ್ಲೋ ಜಾಕೆಟ್ಟೋ ತಲೆ, ಮುಖಕ್ಕೆ ಸುತ್ತಿಕೊಂಡು, ದಾರಿ ಕಾಣುವಷ್ಟು ಸಂದಿ ಬಿಟ್ಟುಕೊಂಡು, ಬಂದ ದಾರಿಯಲ್ಲೇ ಬೇಗ ಬೇಗ ದೂರ ಸರಿಯಿರಿ. ಕೈ ಬೀಸಬೇಡಿ.

ದೂರ ಬಂದ ಮೇಲೆ ಚರ್ಮದಲ್ಲಿ ಸಿಕ್ಕಿಕೊಂಡ ಮುಳ್ಳು ನೋಡಿ. ಮುಳ್ಳಿನ ಬುಡಕ್ಕೆ ವಿಷದ ಚೀಲ ಅಂಟಿಕೊಂಡೇ ಇರುತ್ತದೆ, ಜೇನು ಹಾರಿ ಹೋದ ಮೇಲೂ ಅದು ಮಿಡಿಯುತ್ತಾ ವಿಷ ಒಳಗೆ ತಳ್ಳುತ್ತಿರುತ್ತದೆ. ಉಗುರೋ ಎಟಿಎಂ ಕಾರ್ಡೋ, ಯಾವುದರಲ್ಲಾದರೂ ಸರಿ, ತಕ್ಷಣ ಕೆರೆದು ತೆಗೆಯಿರಿ. ಆಮೇಲೆ ಆ ವ್ಯಕ್ತಿಯ ಮುಖವನ್ನೇ ನೋಡುತ್ತಿರಿ. ಕಡಿದ ಜಾಗ ಊದುವುದು ಮಾಮೂಲು. ಕಡಿಯದ ಜಾಗದಲ್ಲಿ ದದ್ದು, ತುಟಿ ನಾಲಿಗೆ ಊತ, ಗೊಗ್ಗರು ದನಿ, ಉಬ್ಬಸ, ವಾಂತಿ, ತಲೆ ಸುತ್ತಿ ಕುಸಿಯುವುದು ಕಂಡರೆ ಅದು ಇಡೀ ದೇಹದ ಅಲರ್ಜಿ. ಇದಕ್ಕೆ ಔಷಧಿ ಅಡ್ರಿನಲಿನ್ ಇಂಜೆಕ್ಷನ್ ಒಂದೇ, ತೊಡೆಯ ಹೊರಭಾಗದ ಸ್ನಾಯುವಿಗೆ. ಸಿಟ್ರಿಜಿನ್ ಮಾತ್ರೆ ತುರಿಕೆಗೆ ಸರಿ, ಉಸಿರು ಕಟ್ಟುವುದನ್ನು ಅದು ತಡೆಯುವುದಿಲ್ಲ. ಮೊದಲೊಮ್ಮೆ ಹೀಗಾಗಿರುವವರು ಡಾಕ್ಟರ್ ಹತ್ತಿರ ಹೋಗಿ ಅಡ್ರಿನಲಿನ್ ಬರೆಸಿಕೊಂಡು, ಪ್ರಮಾಣ ತಿಳಿದುಕೊಂಡು, ಚುಚ್ಚುವುದನ್ನು ಮನೆಯವರಿಗೂ ಕಲಿಸಿ ಹೊರಡಬೇಕು. ಕುಸಿದವರನ್ನು ಮಲಗಿಸಿ ಕಾಲು ಎತ್ತರಕ್ಕಿಡಿ. ಉಸಿರಾಟ ಕಷ್ಟ ಇದ್ದರೆ ಒರಗಿಸಿ ಕೂರಿಸಿ. ‘ನಡಿ ನಡಿ, ಕೆಳಗೆ ಹೋಗೋಣ’ ಅಂತ ಎಬ್ಬಿಸಿ ನಡೆಸಬೇಡಿ. ದಿಢೀರ್ ಎದ್ದು ನಿಂತಾಗಲೇ ಹೃದಯ ನಿಂತು ಹೋಗುವ ಸಾಧ್ಯತೆ ಇದೆ.

ಬಿಸಿಲಿನ ಬಗ್ಗೆ ನಮಗೆ ಅಸಡ್ಡೆ ಜಾಸ್ತಿ, ಏಕೆಂದರೆ ಬೆಳಿಗ್ಗೆ ಮಂಜು ಇರುತ್ತದೆ. ನಂದಿ ಬೆಟ್ಟದ ಎತ್ತರ 1,478 ಮೀಟರ್, ಸೂರ್ಯ ಹುಟ್ಟುವಾಗ ಸ್ವೆಟರ್ ಬೇಕು. ಹನ್ನೊಂದು ಗಂಟೆಗೆ ಅದೇ ಕಲ್ಲು ಕಾದ ಹೆಂಚು. ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಸುಮ್ನೆ ಮಾಡಲಿಲ್ಲ. ಮಾರ್ಚ್‌ನಿಂದ ಮೇವರೆಗೆ ಇಲ್ಲಿನ ಕೋಟೆ ಹತ್ತುವವರು ಬೆಳಿಗ್ಗೆ ಹತ್ತರ ಒಳಗೆ ಇಳಿಯುತ್ತಿರಬೇಕು. ಬೆವರು, ಸುಸ್ತು, ಸ್ನಾಯು ಹಿಡಿಯುವುದು, ತಲೆನೋವು ಇದ್ದು ಮಾತು ಸರಿ ಇದ್ದರೆ ನೆರಳು, ಒಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಸಾಕು. ತುಮಕೂರು ಕಡೆಯವರಿಗೆ ಎಳನೀರು ನೆನಪಿಸಬೇಕಿಲ್ಲ ಬಿಡಿ. ಒಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಸಪಾಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಆದರೆ ಮಾತು ತಪ್ಪುತ್ತಿದೆ, ಅಡ್ಡಾದಿಡ್ಡಿ ನಡೆಯುತ್ತಿದ್ದಾರೆ, ಮೈ ಸುಡುತ್ತಿದೆ ಎಂದರೆ ಅದು ಬಿಸಿಲ ಹೊಡೆತ. ಆಗ ಮೊದಲು ತಣಿಸುವುದು, ಆಮೇಲೆ ಸಾಗಿಸುವುದು. ಇರುವ ನೀರನ್ನೆಲ್ಲಾ ಮೈಮೇಲೆ ಸುರಿದು ಬೀಸಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ, ಇದು ಸೋಂಕಿನ ಜ್ವರ ಅಲ್ಲ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗಿಗೂ ಬೋಳು ಬಂಡೆಗೂ ಆಗುವುದಿಲ್ಲ. ಮಿಂಚು ಕಂಡು 30 ಸೆಕೆಂಡ್ ಒಳಗೆ ಗುಡುಗು ಕೇಳಿದರೆ ಇಳಿಯಿರಿ, ಕಬ್ಬಿಣದ ಕಂಬಿ ಬಿಟ್ಟು ದೂರ ಇರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಮುಟ್ಟಬಹುದು. ಉಸಿರಿಲ್ಲದೆ ಬಿದ್ದವರಿಗೆ ತಕ್ಷಣ ಎದೆ ಒತ್ತಲು ಶುರು ಮಾಡಿ, ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ. ಇದನ್ನು ಓದಿ ಕಲಿಯಲು ಆಗುವುದಿಲ್ಲ, ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿಗೆ ಹೋಗಿ ಬನ್ನಿ.

ಬೆಟ್ಟ ಹತ್ತುವಾಗ ಎದೆ ಹಿಂಡಿದಂತಾಗಿ ತಣ್ಣನೆ ಬೆವರು ಬಂದರೆ ಗ್ಯಾಸ್ ಅಂತ ಸೋಡಾ ಹುಡುಕಬೇಡಿ. ಅಲ್ಲೇ ಕೂರಿಸಿ. ಆಸ್ಪಿರಿನ್ ಅಲರ್ಜಿ ಇಲ್ಲದಿದ್ದರೆ, ಡಾಕ್ಟರ್ ಬೇಡ ಎಂದಿರದಿದ್ದರೆ, 300 ಮಿಲಿಗ್ರಾಂನಷ್ಟು ಆಸ್ಪಿರಿನ್ ಅಗಿದು ನುಂಗಲಿ. ಒಂದು ಹೆಜ್ಜೆಯೂ ನಡೆಸದೆ ಇಳಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸೇರಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆ ಇದೆ. ಹಾಗಾಗಿ ಮಧುಗಿರಿಯಿಂದಲೋ ಶ್ರೀನಿವಾಸಪುರದಿಂದಲೋ ನೇರ ಬೆಂಗಳೂರಿಗೇ ಕಾರು ಓಡಿಸುವ ಮೊದಲು ಒಮ್ಮೆ ಯೋಚಿಸಿ. ಆ ಒಂದೂವರೆ ಎರಡು ಗಂಟೆಯಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ.

ಬಿದ್ದು ಪೆಟ್ಟಾಗುವುದೇ ಎಲ್ಲಕ್ಕಿಂತ ಸಾಮಾನ್ಯ. ಮಳೆ ಬಿದ್ದ ಬಂಡೆಯ ಪಾಚಿ, ಒಣಗಿದ ಹುಲ್ಲು, ಸವೆದ ಚಪ್ಪಲಿ ಸಾಕು. ರಕ್ತ ಚಿಮ್ಮುತ್ತಿದ್ದರೆ ಬಟ್ಟೆ ಇಟ್ಟು ಎರಡೂ ಕೈಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ, ಮಧ್ಯೆ ಮಧ್ಯೆ ಎತ್ತಿ ನೋಡಬೇಡಿ. ಮುರಿದ ಪಾದಕ್ಕೆ ಸುತ್ತಿದ ದಿನಪತ್ರಿಕೆ, ಕೋಲು, ಕ್ರೇಪ್ ಬ್ಯಾಂಡೇಜ್ ಸೇರಿದರೆ ಒಳ್ಳೆಯ ಕಟ್ಟು ಆಗುತ್ತದೆ. ಕಟ್ಟಿದ ಮೇಲೆ ಬೆರಳು ಬೆಚ್ಚಗಿದೆಯಾ, ಮುಟ್ಟಿದ್ದು ಗೊತ್ತಾಗುತ್ತಾ ಅಂತ ಆಗಾಗ ನೋಡಿ. ಕೋಲಾರದ ಅಂತರಗಂಗೆಯ ಗುಹೆಗಳಂಥ ಜಾಗ ಇನ್ನೂ ಕಷ್ಟ. ಮೈ ಹಿಂಡಿಕೊಂಡು ನುಸುಳುವ ಸಂದಿಯಲ್ಲಿ ಸ್ಟ್ರೆಚರ್ ಹೋಗುವುದೇ ಇಲ್ಲ. ಒಳಗೆ ಹೋಗುವ ಮೊದಲೇ ‘ಇಲ್ಲಿಂದ ಒಬ್ಬರನ್ನು ಎಳೆದು ತರುವುದು ಹೇಗೆ’ ಅಂತ ಒಂದು ಸಲ ಯೋಚಿಸಿ. ತಲೆಗೆ, ಕುತ್ತಿಗೆಗೆ ಪೆಟ್ಟಾಗಿದ್ದರೆ ನೀವೇ ಎತ್ತಲು ಹೋಗದೆ ಸಹಾಯ ಕರೆಯಿರಿ.

ಕರೆಯುವುದು ಎಲ್ಲಿಗೆ? ಆಂಬುಲೆನ್ಸ್‌ಗೆ 108. ಪೊಲೀಸ್, ಅಗ್ನಿಶಾಮಕ ಎಲ್ಲಾ ಸೇರಿ ಬೇಕಾದರೆ 112. ಕರಡಿ, ಚಿರತೆ ವಿಷಯಕ್ಕೆ ಅರಣ್ಯ ಇಲಾಖೆಯ 1926. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112 ಬೇರೆ ಕಂಪನಿಯ ಟವರ್ ಹಿಡಿದು ಹೋಗಬಹುದು, ಪ್ರಯತ್ನ ಮಾಡಿ. ಕಾಲ್ ಹೋಗದ ಕಡೆ ಕೆಲವೊಮ್ಮೆ ಎಸ್‌ಎಂಎಸ್ ಹೋಗುತ್ತದೆ. ಮ್ಯಾಪ್‌ನಲ್ಲಿ ನಿಂತ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಬರುವ ಅಂಕಿಗಳನ್ನು ಅದರಲ್ಲೇ ಕಳಿಸಿ. ಆದರೆ ಅಂಕಿ ಮಾತ್ರ ಸಾಲದು. ಸ್ಕಂದಗಿರಿಯಾದರೆ 108ರ ಡ್ರೈವರಿಗೆ ಬೇಕಾದ್ದು ‘ಕಳವಾರ ಊರಿನ ಕಡೆಯಿಂದ ಹತ್ತುವ ದಾರಿ’ ಎನ್ನುವಂಥ ಮಾತು. ದೇವರಾಯನದುರ್ಗದಲ್ಲಿ ಮೇಲಿನ ದೇವಸ್ಥಾನವೋ ಕೆಳಗಿನದೋ, ನಾಮದ ಚಿಲುಮೆ ಕಡೆಯೋ, ಅಷ್ಟು ಹೇಳದಿದ್ದರೆ ಅರ್ಧ ಗಂಟೆ ಹೋಯಿತು. ಹತ್ತುವ ಮೊದಲು ಕೆಳಗಿನ ಟೀ ಅಂಗಡಿಯವರ ಹತ್ತಿರ ದಾರಿಯ, ಬಂಡೆಯ ಹೆಸರು ಕೇಳಿಟ್ಟುಕೊಳ್ಳಿ, ಎಷ್ಟು ಗಂಟೆಗೆ ಇಳಿಯುತ್ತೇವೆ ಅಂತ ಅವರಿಗೆ ಹೇಳಿ. ಅನಾಹುತ ಆದಾಗ ಗುಂಪಿನಲ್ಲಿ ಒಬ್ಬರು ರಸ್ತೆಗೆ ಇಳಿದು ಆಂಬುಲೆನ್ಸ್ ಕಾಯಬೇಕು. ಒಂದು ಫೋನ್ ಫ್ಲೈಟ್ ಮೋಡ್‌ನಲ್ಲಿ ಚಾರ್ಜ್ ಉಳಿಸಿಕೊಂಡಿರಲಿ. ಕತ್ತಲಲ್ಲಿ ಕೂಗಿದರೆ ಗಂಟಲು ಹೋಗುತ್ತದೆ, ಹತ್ತು ರೂಪಾಯಿಯ ವಿಷಲ್ ಮೂರು ಮೂರು ಸಲ ಊದಿ.

ಬ್ಯಾಗಿನಲ್ಲಿ ದೊಡ್ಡ ಪೆಟ್ಟಿಗೆ ಬೇಡ. ಎರಡು ಕ್ರೇಪ್ ಬ್ಯಾಂಡೇಜ್, ಗಾಯಕ್ಕೆ ಇಡುವ ಗಾಜ್ ಬಟ್ಟೆ, ಒಆರ್‌ಎಸ್, ಆಸ್ಪಿರಿನ್, ಪ್ಯಾರಾಸಿಟಮಾಲ್, ಸಿಟ್ರಿಜಿನ್, ಸೋಪು, ಟಾರ್ಚ್, ಮತ್ತು ಒಂದು ಪಂಚೆ. ಪಂಚೆ ಬಿಸಿಲಿಗೆ ತಲೆಗಾಯಿತು, ಒದ್ದೆ ಮಾಡಿ ತಣಿಸಲು ಆಯಿತು, ಕೈ ಮುರಿದರೆ ಜೋಲಿ ಆಯಿತು, ಎರಡು ಗಟ್ಟಿ ಬಿದಿರು ಸಿಕ್ಕರೆ ಸ್ಟ್ರೆಚರ್ ಆಯಿತು. ಉಬ್ಬಸ ಇರುವವರ ಇನ್‌ಹೇಲರ್ ಅವರ ಜೇಬಿನಲ್ಲೇ ಇರಲಿ, ಕಾರಿನಲ್ಲಲ್ಲ. ಸಕ್ಕರೆ ಕಾಯಿಲೆಯವರು ಬೆಲ್ಲವೋ ಗ್ಲೂಕೋಸ್ ಪುಡಿಯೋ ಇಟ್ಟುಕೊಂಡಿರಲಿ. ಕೈ ನಡುಗಿ, ಬೆವರಿ, ಸಿಡಿಮಿಡಿ ಮಾಡಲು ಶುರು ಮಾಡಿದರೆ ಮೊದಲು ಮೂರು ಚಮಚ ಸಕ್ಕರೆ, ಆಮೇಲೆ ಪ್ರಶ್ನೆ.

ಸೋಪು ಯಾಕೆ ಅಂದಿರಾ? ಕೋತಿಗೆ. ನಂದಿ, ಅಂತರಗಂಗೆ, ದೇವರಾಯನದುರ್ಗ ಎಲ್ಲಾ ಕಡೆ ಅವುಗಳದೇ ರಾಜ್ಯ. ಚಿಪ್ಸ್ ಕಿತ್ತುಕೊಳ್ಳುವಾಗ ಪರಚಿದರೂ ರೇಬಿಸ್ ಲೆಕ್ಕಕ್ಕೇ ಬರುತ್ತದೆ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಅರಿಶಿನ ಮೆತ್ತಬೇಡಿ, ಅದೇ ದಿನ ಲಸಿಕೆ ಶುರು ಮಾಡಿಸಿ. ರಕ್ತ ಬಂದಿದ್ದರೆ ಗಾಯದ ಒಳಗೇ ಕೊಡುವ ಇನ್ನೊಂದು ಇಂಜೆಕ್ಷನ್ ಬಗ್ಗೆ ನೀವೇ ಕೇಳಿ. ಕರಡಿಯ ಗಾಯಕ್ಕೂ ಇದೇ ಮಾತು. ಅದು ಮುಖ, ನೆತ್ತಿಗೇ ಕೈ ಹಾಕುತ್ತದೆ, ಹಾಗಾಗಿ ಮೊದಲು ರಕ್ತ ನಿಲ್ಲಿಸಿ, ರೇಬಿಸ್ ಲಸಿಕೆಯನ್ನು ಆಸ್ಪತ್ರೆಯಲ್ಲಿ ಮರೆಯದೆ ನೆನಪಿಸಿ.

ಕೆಲವು ತೊಂದರೆ ಮನೆಗೆ ಬಂದ ಮೇಲೂ ಬರುತ್ತದೆ. ಹತ್ತಾರು ಜೇನು ಕಡಿಸಿಕೊಂಡು ‘ಏನೂ ಆಗಿಲ್ಲ’ ಅಂತ ಮಲಗಿದವರಿಗೆ ಮಾರನೇ ದಿನ ಮೂತ್ರಪಿಂಡ ಕೈಕೊಡಬಹುದು. ವಿಷದಿಂದ ಸ್ನಾಯು ಒಡೆದು ಅದರ ಕಸ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಜಾಸ್ತಿ ಕಡಿಸಿಕೊಂಡವರು ಚೆನ್ನಾಗೇ ಇದ್ದರೂ ಅದೇ ದಿನ ಆಸ್ಪತ್ರೆಗೆ ತೋರಿಸಬೇಕು. ಆಮೇಲೂ ಒಂದೆರಡು ದಿನ ಮೂತ್ರದ ಬಣ್ಣ ಗಮನಿಸಬೇಕು. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಅಥವಾ ಬರುವುದೇ ಕಡಿಮೆಯಾದರೆ, ಬೆಳಗಾಗಲಿ ಅಂತ ಕಾಯದೆ ಡಯಾಲಿಸಿಸ್ ಇರುವ ಆಸ್ಪತ್ರೆಗೇ ಹೋಗಿ.